ಟರ್ಬೊ ಕಾರಿನ ಕೋಡಿ: ಒಳಗಿದ್ದರೆ ಸಾಕೇ, ಹೊರಗೇ ಬೇಕೇ?

ಹಿಂದಿನವರು ಕೆರೆ ಕಟ್ಟುವಾಗ ಏರಿಗೆ ಕೊಟ್ಟಷ್ಟೇ ಗಮನವನ್ನು ಕೋಡಿಗೂ ಕೊಡುತ್ತಿದ್ದರು. ಕೆರೆ ತುಂಬಿತೆಂದು ಮಳೆ ನಿಲ್ಲುವುದಿಲ್ಲ. ಹೆಚ್ಚಾದ ನೀರಿಗೆ ದಾರಿ ತೋರಿಸದಿದ್ದರೆ ಅದು ಏರಿಯನ್ನೇ ಒಡೆದು ದಾರಿ ಮಾಡಿಕೊಳ್ಳುತ್ತದೆ. ಟರ್ಬೊ ಕಾರಿನ ವೇಸ್ಟ್‌ಗೇಟ್ ಮಾಡುವುದು ಈ ಕೋಡಿಯ ಕೆಲಸವನ್ನೇ. ಎಂಜಿನ್‌ನಿಂದ ಹೊರಬೀಳುವ ಬಿಸಿ ಹೊಗೆ ಟರ್ಬೈನ್ ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿರುವ ಕಂಪ್ರೆಸರ್ ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಇಂಧನ ಹೆಚ್ಚು, ಇಂಧನ ಹೆಚ್ಚಾದರೆ ಹೊಗೆ ಹೆಚ್ಚು, ಹೊಗೆ ಹೆಚ್ಚಾದರೆ ಟರ್ಬೈನ್ ಇನ್ನಷ್ಟು ಜೋರು. ಈ ಸುತ್ತು ತಾನಾಗಿ ನಿಲ್ಲುವಂಥದ್ದಲ್ಲ. ಬೂಸ್ಟ್, ಅಂದರೆ ಒತ್ತಿದ ಗಾಳಿಯ ಒತ್ತಡ, ಒಂದು ಮಟ್ಟ ಮುಟ್ಟಿದ ಮೇಲೆ ಹೊಗೆಯ ಒಂದು ಪಾಲನ್ನು ಟರ್ಬೈನಿಗೆ ತಾಗಿಸದೆ ಪಕ್ಕದಿಂದ ಹಾಯಿಸಿ ಸೈಲೆನ್ಸರ್ ಕಡೆಗೆ ಕಳಿಸಲೇಬೇಕು. ಇಲ್ಲದಿದ್ದರೆ ಪೆಟ್ರೋಲ್ ಎಂಜಿನ್ ಕುಟ್ಟತೊಡಗುತ್ತದೆ, ಪಿಸ್ಟನ್ ಕರಗುತ್ತದೆ, ಇಲ್ಲವೇ ಟರ್ಬೊ ತನ್ನ ಮಿತಿ ಮೀರಿ ತಿರುಗಿ ಒಡೆಯುತ್ತದೆ. ಹಾಗೆ ಹಾಯಿಸುವ ಬಾಗಿಲು ಟರ್ಬೊದ ಎರಕದೊಳಗೇ ಇದ್ದರೆ ಅದು ಇಂಟರ್ನಲ್ ವೇಸ್ಟ್‌ಗೇಟ್. ಸಿಲಿಂಡರುಗಳ ಹೊಗೆಯನ್ನು ಟರ್ಬೊಗೆ ತರುವ ಮ್ಯಾನಿಫೋಲ್ಡ್ ಮೇಲೆ ಬೇರೆ ವಾಲ್ವಾಗಿ ಕೂತಿದ್ದರೆ ಎಕ್ಸ್‌ಟರ್ನಲ್. ಕಾರಿನ ಶಕ್ತಿ ಹೆಚ್ಚಿಸಬೇಕೆಂದು ಹೊರಟವರಿಗೆ ಎಕ್ಸ್‌ಟರ್ನಲ್ ಹಾಕಿಸಿದರೇ ಸರಿ ಎಂಬ ಮಾತು ಬೇಗ ಕಿವಿಗೆ ಬೀಳುತ್ತದೆ. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಕೋಡಿ ಏರಿಯ ಯಾವ ತುದಿಯಲ್ಲಿದೆ ಎನ್ನುವುದಕ್ಕಿಂತ ಅದರ ಅಗಲ ಎಷ್ಟು, ಹರಿದು ಹೋಗಬೇಕಾದ ನೀರೆಷ್ಟು ಎನ್ನುವುದೇ ಕೆರೆಯನ್ನು ಉಳಿಸುತ್ತದೆ. ಟರ್ಬೊದಲ್ಲೂ ಇದೇ ಲೆಕ್ಕ. ಆ ಲೆಕ್ಕ ಹಾಕಿ ನೋಡಿದರೆ ರಸ್ತೆಯಲ್ಲಿ ಓಡುವ ಬಹುಪಾಲು ಕಾರುಗಳಿಗೆ ಎಕ್ಸ್‌ಟರ್ನಲ್‌ನ ಅಗತ್ಯವಿಲ್ಲ ಎಂಬುದು ನನ್ನ ವಾದ.

ಮೊದಲು ಇಂಟರ್ನಲ್ ಗೇಟನ್ನು ಹತ್ತಿರದಿಂದ ನೋಡೋಣ. ಟರ್ಬೈನ್ ಇರುವ ಎರಕದ ಗೂಡಿನ ಗೋಡೆಯಲ್ಲಿ, ಹೊಗೆ ಚಕ್ರಕ್ಕೆ ತಲುಪುವ ಮೊದಲೇ ಒಂದು ತೂತು. ಅದರ ಮೇಲೆ ನಾಣ್ಯದಂಥ ಒಂದು ಬಿಲ್ಲೆ. ಬಿಲ್ಲೆ ಒಂದು ಪುಟ್ಟ ತೋಳಿಗೆ ಸಿಕ್ಕಿಸಿರುತ್ತದೆ. ತೋಳಿನ ಪಿನ್ ಎರಕದ ಗೋಡೆಯಲ್ಲಿರುವ ಬುಷ್ ಮೂಲಕ ಹೊರಗೆ ಬಂದು ಲಿವರ್ ಆಗುತ್ತದೆ. ಲಿವರಿಗೆ ಪೆನ್ಸಿಲ್ ಗಾತ್ರದ ರಾಡ್, ರಾಡಿನ ಇನ್ನೊಂದು ತುದಿಯಲ್ಲಿ ತಗಡಿನ ಡಬ್ಬಿ. ಇದೇ ಆಕ್ಚುಯೇಟರ್. ಡಬ್ಬಿಯೊಳಗೆ ರಬ್ಬರಿನ ಡಯಾಫ್ರಮ್, ಅದನ್ನು ಹಿಂದಕ್ಕೆ ಒತ್ತಿ ಹಿಡಿದಿರುವ ಸ್ಪ್ರಿಂಗ್. ಕಂಪ್ರೆಸರ್ ಕಡೆಯಿಂದ ಸಣ್ಣ ಹೋಸ್ ಒಂದು ಬೂಸ್ಟನ್ನು ಡಯಾಫ್ರಮ್ಮಿಗೆ ತಲುಪಿಸುತ್ತದೆ. ಬೂಸ್ಟ್ ಸ್ಪ್ರಿಂಗನ್ನು ಗೆದ್ದಾಗ ರಾಡ್ ಮುಂದಕ್ಕೆ ಸರಿದು ಬಿಲ್ಲೆ ಬಾಯಿ ಬಿಡುತ್ತದೆ. ಪಕ್ಕಕ್ಕೆ ಹಾಯ್ದ ಹೊಗೆ ಟರ್ಬೈನಿನಿಂದ ಹೊರಬಂದ ಹೊಗೆಯ ಜೊತೆ ಅಲ್ಲೇ ಸೇರಿ ಕೆಳಗಿನ ಪೈಪಿಗೆ ಇಳಿಯುತ್ತದೆ. ಕೆರೆಯ ಹೋಲಿಕೆ ಒಂದು ಕಡೆ ಸೋಲುವುದು ಇಲ್ಲಿ: ಮಟ್ಟ ಅಳೆಯುವುದು ಗಾಳಿಯ ಬದಿಯಲ್ಲಿ, ಹೊರಗೆ ಬಿಡುವುದು ಹೊಗೆಯ ಬದಿಯಲ್ಲಿ. ಆದ್ದರಿಂದಲೇ ಆ ಹೋಸ್ ಹರಿದರೆ ಅಥವಾ ಕಳಚಿದರೆ ಬಾಗಿಲು ತೆರೆಯಲು ಆಜ್ಞೆಯೇ ಹೋಗುವುದಿಲ್ಲ, ಬೂಸ್ಟ್ ಲಂಗುಲಗಾಮಿಲ್ಲದೆ ಏರುತ್ತದೆ. ಹತ್ತಾರು ರೂಪಾಯಿಯ ಹೋಸ್ ಲಕ್ಷ ರೂಪಾಯಿಯ ಎಂಜಿನ್ ಕಾಯುತ್ತಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಎಕ್ಸ್‌ಟರ್ನಲ್ ಗೇಟಿನಲ್ಲಿ ಸಾಮಾನು ಇದೇ, ಜೋಡಣೆ ಬೇರೆ. ಎಂಜಿನ್ ತಲೆಯಲ್ಲಿರುವ ವಾಲ್ವಿನಂತೆಯೇ ಅಣಬೆ ಆಕಾರದ ವಾಲ್ವ್ ಒಂದು ಸೀಟಿನ ಮೇಲೆ ಕೂತಿರುತ್ತದೆ. ಅದರ ಕಾಂಡ ನೇರವಾಗಿ ಮೇಲಿನ ಡಯಾಫ್ರಮ್ಮಿಗೆ ಸೇರುತ್ತದೆ; ನಡುವೆ ತೋಳಿಲ್ಲ, ಲಿವರಿಲ್ಲ, ಸವೆಯುವ ಪಿನ್ನಿಲ್ಲ. ಡಯಾಫ್ರಮ್ಮಿನ ಅಗಲ ವಾಲ್ವಿಗಿಂತ ಬಹಳ ದೊಡ್ಡದು. ಕೆಳಗೊಂದು, ಮೇಲೊಂದು ಹೀಗೆ ಎರಡು ಪೋರ್ಟ್ ಇರುತ್ತವೆ. ಕೆಳಗಿನ ಪೋರ್ಟಿಗೆ ಬೂಸ್ಟ್ ಕೊಟ್ಟರೆ ತೆರೆಯುತ್ತದೆ, ಮೇಲಿನದಕ್ಕೆ ಕೊಟ್ಟರೆ ಸ್ಪ್ರಿಂಗ್ ಜೊತೆ ಸೇರಿ ಮುಚ್ಚಿ ಹಿಡಿಯುತ್ತದೆ. ಮುಚ್ಚಳ ಬಿಚ್ಚಿ ಸ್ಪ್ರಿಂಗ್ ಬದಲಾಯಿಸಿದರೆ ಬೂಸ್ಟಿನ ತಳಮಟ್ಟ ಬದಲಾಗುತ್ತದೆ. ಮಾರುಕಟ್ಟೆಯಲ್ಲಿ 38, 40, 44 ಅಥವಾ 45, 50, 60 ಮಿಲಿಮೀಟರ್ ಅಳತೆಗಳಲ್ಲಿ ಸಿಗುತ್ತವೆ. ಟಿಯಾಲ್, ಟರ್ಬೊಸ್ಮಾರ್ಟ್, ಗ್ಯಾರೆಟ್ ಇವು ಹೆಚ್ಚು ಕೇಳಿಬರುವ ಹೆಸರುಗಳು. ಗೇರ್ ಬದಲಾಯಿಸುವಾಗ ಕೇಳುವ ಪುಸ್ಸೆಂಬ ಸದ್ದನ್ನು ಕೆಲವರು ವೇಸ್ಟ್‌ಗೇಟಿನದೆಂದು ತಿಳಿಯುತ್ತಾರೆ. ಅದು ಬ್ಲೋ ಆಫ್ ವಾಲ್ವ್. ಅದಿರುವುದು ಕಂಪ್ರೆಸರ್ ಮತ್ತು ಥ್ರಾಟಲ್ ನಡುವೆ, ಅದು ಬಿಡುವುದು ಗಾಳಿಯನ್ನು. ಬೂಸ್ಟಿನ ಮಿತಿಗೂ ಅದಕ್ಕೂ ಸಂಬಂಧವಿಲ್ಲ.

ಈಗ ಮುಖ್ಯ ಪ್ರಶ್ನೆ: ಎಷ್ಟು ಹೊಗೆಯನ್ನು ಹಾಯಿಸಬೇಕು? ಸ್ಥೂಲವಾಗಿ ಹೇಳುವುದಾದರೆ 150 ಅಶ್ವಶಕ್ತಿ ಕೊಡುವ ಪೆಟ್ರೋಲ್ ಎಂಜಿನ್ ಪೂರ್ತಿ ತುಳಿದಾಗ ನಿಮಿಷಕ್ಕೆ ಸುಮಾರು 7 ಕಿಲೊ ಗಾಳಿ ಕುಡಿಯುತ್ತದೆ. ಇಂಧನ ಸೇರಿ ಅದಕ್ಕಿಂತ ಸ್ವಲ್ಪ ಹೆಚ್ಚೇ ತೂಕದ ಹೊಗೆ ಹೊರಬರುತ್ತದೆ. ಇದರಲ್ಲಿ ಟರ್ಬೈನಿಗೆ ಬೇಕಾದಷ್ಟು ಟರ್ಬೈನಿಗೆ, ಮಿಕ್ಕಿದ್ದು ಗೇಟಿಗೆ. ಹಾಗಾದರೆ ಬೂಸ್ಟ್ ಹೆಚ್ಚು ಬೇಕಾದಷ್ಟೂ ಗೇಟ್ ದೊಡ್ಡದಿರಬೇಕು ಎಂದು ಅನ್ನಿಸುವುದು ಸಹಜ. ನಿಜ ಸಂಗತಿ ಇದಕ್ಕೆ ಉಲ್ಟಾ, ಮತ್ತು ಈ ಒಂದು ವಿಷಯ ಗೊತ್ತಿಲ್ಲದೆ ಬಹಳ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಒಂದೇ ಗಾತ್ರದ ಎರಡು ಎಂಜಿನ್, ಒಂದೇ ಟರ್ಬೊ ಎಂದಿಟ್ಟುಕೊಳ್ಳಿ. ಮೊದಲನೆಯದಕ್ಕೆ 0.5 ಬಾರ್ ಬೂಸ್ಟ್ ಸಾಕು, ಎರಡನೆಯದಕ್ಕೆ 1.5 ಬಾರ್ ಬೇಕು. ಸುತ್ತಲಿನ ವಾತಾವರಣದ 1 ಬಾರ್ ಸೇರಿಸಿದರೆ ಮೊದಲನೆಯದು 1.5, ಎರಡನೆಯದು 2.5 ಬಾರ್ ಒತ್ತಡದಲ್ಲಿ ಉಸಿರಾಡುತ್ತದೆ. ಹೊಗೆಯೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ, ಅಂದರೆ ಒಂದೂಮುಕ್ಕಾಲು ಪಟ್ಟಿಗಿಂತ ತುಸು ಕಡಿಮೆ ಹೆಚ್ಚುತ್ತದೆ. ಆದರೆ ಒಂದೊಂದು ಕಿಲೊ ಗಾಳಿಯನ್ನು 2.5 ಪಟ್ಟು ಒತ್ತಲು ಬೇಕಾದ ಶ್ರಮ, 1.5 ಪಟ್ಟು ಒತ್ತುವುದರ ಸುಮಾರು ಎರಡೂವರೆ ಪಟ್ಟು. ಎರಡನ್ನೂ ಗುಣಿಸಿ: ಹೊಗೆ ಒಂದೂಮುಕ್ಕಾಲು ಪಟ್ಟು ಮುಟ್ಟುವಷ್ಟರಲ್ಲಿ ಕಂಪ್ರೆಸರ್ ಬೇಡುವ ಶಕ್ತಿ ನಾಲ್ಕು ಪಟ್ಟಾಗಿರುತ್ತದೆ. ಹೆಚ್ಚು ಬೂಸ್ಟಿನ ಎಂಜಿನ್ ತನ್ನ ಹೊಗೆಯ ದೊಡ್ಡ ಪಾಲನ್ನು ಟರ್ಬೈನಿಗೇ ತಿನ್ನಿಸುತ್ತದೆ, ಗೇಟಿಗೆ ಉಳಿಯುವುದು ಕಡಿಮೆ. ಕಡಿಮೆ ಬೂಸ್ಟ್ ಸಾಕೆನ್ನುವ ಎಂಜಿನ್ನಿನಲ್ಲಿ ಟರ್ಬೈನಿಗೆ ಬೇಡವಾದ ಹೊಗೆಯೇ ಹೆಚ್ಚು, ಅಷ್ಟನ್ನೂ ಗೇಟ್ ಸಾಗಿಸಬೇಕು. ಅತಿ ದೊಡ್ಡ ಗೇಟ್ ಬೇಕಾಗುವುದು ದೊಡ್ಡ ಎಂಜಿನ್ನಿಗೆ ಸಣ್ಣ ಟರ್ಬೊ ಹಾಕಿ ಮಿತವಾದ ಬೂಸ್ಟಿನಲ್ಲಿ ಓಡಿಸಬೇಕೆನ್ನುವವರಿಗೆ.

ಇದು ಬರಿಯ ಕಾಗದದ ಲೆಕ್ಕವಲ್ಲ ಎಂಬುದಕ್ಕೆ ಸುಬಾರು ಡಬ್ಲ್ಯುಆರ್‌ಎಕ್ಸ್ ಕಾರುಗಳ ಅನುಭವವೇ ಸಾಕ್ಷಿ. ಕಂಪನಿಯಿಂದ ಬಂದ ಸ್ಥಿತಿಯಲ್ಲಿ ಅವುಗಳ ಇಂಟರ್ನಲ್ ಗೇಟ್ ಯಾವ ತಕರಾರೂ ಇಲ್ಲದೆ ಕೆಲಸ ಮಾಡುತ್ತದೆ. ಮಾಲೀಕರು ಟರ್ಬೊ, ಗೇಟ್, ಸ್ಪ್ರಿಂಗ್ ಯಾವುದನ್ನೂ ಮುಟ್ಟದೆ ಬರೀ ಹಿಂದಿನ ಎಕ್ಸಾಸ್ಟನ್ನು ಅಗಲದ, ತಡೆಯಿಲ್ಲದ ಪೈಪಿಗೆ ಬದಲಾಯಿಸಿದಾಗ ಬೂಸ್ಟ್ ಒಂದು ಮಟ್ಟದಲ್ಲಿ ನಿಲ್ಲದೆ ಆರ್‌ಪಿಎಂ ಏರಿದಂತೆ ತಾನೂ ಏರುತ್ತಾ ಹೋಗುತ್ತದೆ. ಚಳಿಯ ರಾತ್ರಿಗಳಲ್ಲಿ ಇನ್ನೂ ಹೆಚ್ಚು. ಹಿಂದಿನ ತಡೆ ಹೋದದ್ದರಿಂದ ಅಷ್ಟೇ ಹೊಗೆಯಿಂದ ಟರ್ಬೈನ್ ಹೆಚ್ಚು ಶಕ್ತಿ ಹೀರುತ್ತದೆ, ತಂಪಾದ ಗಾಳಿ ಒತ್ತಾಗಿರುವುದರಿಂದ ಹೊಗೆಯ ತೂಕವೂ ಹೆಚ್ಚು. ಬಿಲ್ಲೆ ಪೂರ್ತಿ ತೆರೆದಿದ್ದರೂ ತೂತು ಸಾಲದು. ಇದನ್ನೇ ಬೂಸ್ಟ್ ಕ್ರೀಪ್ ಎನ್ನುತ್ತಾರೆ. ಒಂದು ಕ್ಷಣ ಮುಳ್ಳು ಹಾರಿ ಮತ್ತೆ ಇಳಿಯುವ ಬೂಸ್ಟ್ ಸ್ಪೈಕ್ ಬೇರೆ. ಅದು ನಿಯಂತ್ರಣ ತಡವಾದದ್ದರ ಲಕ್ಷಣ, ಗೇಟಿನ ಗಾತ್ರಕ್ಕೆ ಅದನ್ನು ಹೊಣೆ ಮಾಡಬಾರದು. ಕ್ರೀಪಿಗೆ ಗೇಟ್ ತೆರೆಯುವ ಹೊತ್ತನ್ನು ಬದಲಿಸುವ ಬೂಸ್ಟ್ ಕಂಟ್ರೋಲರ್ ಮದ್ದಲ್ಲ, ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುವಿನ ಲೆಕ್ಕ ಬದಲಿಸುವ ರೀಮ್ಯಾಪ್ ಕೂಡ ಮದ್ದಲ್ಲ. ಪೂರ್ತಿ ತೆರೆದ ಬಾಗಿಲನ್ನು ಇನ್ನಷ್ಟು ತೆರೆ ಎಂದು ಯಾರು ಹೇಳಿದರೂ ಅದು ತೆರೆಯುವುದಿಲ್ಲ. ತೂತನ್ನು ದೊಡ್ಡದು ಮಾಡಬೇಕು. 25 ಮಿಲಿಮೀಟರ್ ತೂತಿನ ವಿಸ್ತೀರ್ಣ ಸುಮಾರು 490 ಚದರ ಮಿಲಿಮೀಟರ್. 38ರದ್ದು 1,130ಕ್ಕೂ ಹೆಚ್ಚು, 44ರದ್ದು 1,520, 60ರದ್ದು 2,800 ದಾಟುತ್ತದೆ. ಎಕ್ಸ್‌ಟರ್ನಲ್ ಪರವಾಗಿ ಇರುವ ಅತ್ಯಂತ ಬಲವಾದ ವಾದ ಈ ಅಂಕಿಗಳೇ. ಆದರೆ ಇದೇ ಸುಬಾರು ಮಾಲೀಕರಲ್ಲಿ ಬಹಳಷ್ಟು ಮಂದಿ ಸಮಸ್ಯೆ ಬಗೆಹರಿಸಿಕೊಂಡದ್ದು ಇಂಟರ್ನಲ್ ಗೇಟಿನ ತೂತನ್ನೇ ಉಜ್ಜಿ ಅಗಲಿಸಿ, ಅದರ ಅಂಚನ್ನು ಹೊಗೆ ಸಲೀಸಾಗಿ ತಿರುಗುವಂತೆ ದುಂಡಗೆ ಮಾಡಿ. ಬಿಲ್ಲೆ ಮುಚ್ಚಿದಾಗ ಸುತ್ತಲೂ ಕೂರಲು ಅಂಚು ಉಳಿಸಿಕೊಂಡು ಮಾಡಬೇಕಾದ ಕೆಲಸ ಅದು. ಅತಿಯಾಗಿ ಉಜ್ಜಿದರೆ ಮುಚ್ಚಿದ ಬಾಗಿಲಲ್ಲೂ ಹೊಗೆ ಸೋರಿ ಟರ್ಬೊ ಏಳುವುದು ತಡವಾಗುತ್ತದೆ.

ನನ್ನ ವಾದಕ್ಕೆ ಬರುವ ಮೊದಲ ಆಕ್ಷೇಪ ಇನ್ನೊಂದು ತುದಿಯದು. ಇಂಟರ್ನಲ್ ಗೇಟ್ ಹೆಚ್ಚು ಬೂಸ್ಟನ್ನು ತಡೆದು ಹಿಡಿಯಲಾರದು, ಹೊಗೆಯ ಒತ್ತಡವೇ ಬಿಲ್ಲೆಯನ್ನು ತಳ್ಳಿ ತೆರೆದುಬಿಡುತ್ತದೆ ಎನ್ನುತ್ತಾರೆ. ಇದರಲ್ಲಿ ಹುರುಳಿದೆ. 30 ಮಿಲಿಮೀಟರ್ ಬಿಲ್ಲೆಯ ಮೇಲೆ 2 ಬಾರ್ ಒತ್ತಡ ಬಿದ್ದರೆ ಅದು ಸುಮಾರು 14 ಕಿಲೊ ಭಾರ ಹೇರಿದ ಹಾಗೆ. ಕಂಪನಿ ಹಾಕಿದ ಮೆತ್ತನೆಯ ಸ್ಪ್ರಿಂಗಿಗೆ ಅಷ್ಟು ಹೊರುವ ತಾಕತ್ತಿಲ್ಲದಿದ್ದರೆ ಬೂಸ್ಟ್ ಮೇಲಿನ ಆರ್‌ಪಿಎಂನಲ್ಲಿ ಕುಸಿಯುತ್ತದೆ. ಆದರೆ ದೋಷ ಸ್ಪ್ರಿಂಗಿನದು, ಬಾಗಿಲು ಒಳಗಿರುವುದರದಲ್ಲ. ಗಟ್ಟಿ ಸ್ಪ್ರಿಂಗಿನ ಆಕ್ಚುಯೇಟರುಗಳು ಸಿಗುತ್ತವೆ, ಎಕ್ಸ್‌ಟರ್ನಲ್‌ನಂತೆಯೇ ಎರಡು ಪೋರ್ಟ್ ಇರುವ ಇಂಟರ್ನಲ್ ಆಕ್ಚುಯೇಟರುಗಳೂ ಬಂದಿವೆ. ಬೋರ್ಗ್‌ವಾರ್ನರ್ ತನ್ನ ಇಎಫ್‌ಆರ್ ಸರಣಿಯ ಟರ್ಬೊಗಳಲ್ಲಿ ಉದ್ದೇಶಪೂರ್ವಕವಾಗಿಯೇ ದೊಡ್ಡ ಇಂಟರ್ನಲ್ ಗೇಟ್ ಕೊಟ್ಟಿತು, ಅದೂ ಕಾರಿನ ಶಕ್ತಿ ಹೆಚ್ಚಿಸುವವರಿಗೆಂದೇ ಮಾಡಿದ ಟರ್ಬೊಗಳಲ್ಲಿ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆಂದರೆ 2019ರಲ್ಲಿ ಬಂದ ಮರ್ಸಿಡಿಸ್ ಎಎಂಜಿಯ ಎಂ139 ಎಂಜಿನ್ ನೋಡಬಹುದು. 1991 ಸಿಸಿ, ನಾಲ್ಕು ಸಿಲಿಂಡರ್, ಒಂದೇ ಟರ್ಬೊ, 2.1 ಬಾರ್‌ವರೆಗೆ ಬೂಸ್ಟ್, 421 ಪಿಎಸ್ ಶಕ್ತಿ, ಮತ್ತು ವಿದ್ಯುತ್ತಿನಿಂದ ನಿಯಂತ್ರಿಸುವ ಇಂಟರ್ನಲ್ ವೇಸ್ಟ್‌ಗೇಟ್. ಅಷ್ಟು ಬೂಸ್ಟಿನಲ್ಲಿ ಅದು ಗ್ಯಾರಂಟಿ ಸಹಿತ ರಸ್ತೆಯಲ್ಲಿ ಓಡುತ್ತಿರುವಾಗ, ಇಂಟರ್ನಲ್ ಗೇಟನ್ನು ಜನ್ಮತಃ ದುರ್ಬಲ ಎನ್ನಲು ಆಧಾರವಿಲ್ಲ.

ಎರಡನೆಯ ಆಕ್ಷೇಪ: ಕಂಪನಿಗಳು ಇಂಟರ್ನಲ್ ಹಾಕುವುದು ಖರ್ಚು ಉಳಿಸಲು, ಅವಕ್ಕೆ ಒಳ್ಳೆಯದು ಬೇಕಿದ್ದರೆ ಎಕ್ಸ್‌ಟರ್ನಲ್ ಹಾಕುತ್ತಿದ್ದವು. ಖರ್ಚಿನ ಮಾತು ಸುಳ್ಳಲ್ಲ. ಆದರೆ ಇತಿಹಾಸ ಬೇರೆ ದಿಕ್ಕಿನಲ್ಲಿ ಹೋಗುತ್ತದೆ. 1962ರಲ್ಲಿ ಅಮೆರಿಕದಲ್ಲಿ ಬಂದ ಷೆವ್ರೊಲೆ ಕೋರ್ವೇರ್ ಮೊನ್ಜಾ ಸ್ಪೈಡರ್ ಕಾರಿನ ಟರ್ಬೊಗೆ ವೇಸ್ಟ್‌ಗೇಟೇ ಇರಲಿಲ್ಲ. ಸೈಲೆನ್ಸರಿನ ತಡೆಯಿಂದಲೇ ಬೂಸ್ಟಿಗೆ ಮಿತಿ ಬೀಳುವಂತೆ ಮಾಡಿದ್ದರು. ಆಮೇಲೆ ಬಂದ ಪೋರ್ಷೆ 911 ಟರ್ಬೊ, 1975ರ ಕಾಲದ ಪ್ರಖ್ಯಾತ 930, ಮೂರು ಲೀಟರ್ ಎಂಜಿನ್, 0.8 ಬಾರ್ ಬೂಸ್ಟ್, ಪ್ರತ್ಯೇಕ ವೇಸ್ಟ್‌ಗೇಟ್ ಇದ್ದ ಕಾರು. ಪೋರ್ಷೆ 944 ಟರ್ಬೊ, ಆಡಿಯ ಮೊದಲ ಕ್ವಾಟ್ರೊ ಇವುಗಳಲ್ಲೂ ಗೇಟ್ ಹೊರಗೇ. ಆಗ ಲಭ್ಯವಿದ್ದ ಟರ್ಬೊಗಳಿಗೆ, ಜಾಗಕ್ಕೆ ಅದು ಹೊಂದುತ್ತಿತ್ತು. 1995ರ 911 ಟರ್ಬೊದಲ್ಲಿ (993 ಪೀಳಿಗೆ) ಪೋರ್ಷೆ ಎರಡು ಸಣ್ಣ ಟರ್ಬೊ ಬಳಸಿ ಗೇಟುಗಳನ್ನು ಅವುಗಳ ಒಳಗೇ ಸೇರಿಸಿತು, ಶಕ್ತಿ 408 ಪಿಎಸ್‌ಗೆ ಏರಿತು. 2006ರ 911 ಟರ್ಬೊದಲ್ಲಿ (997 ಪೀಳಿಗೆ) ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಟರ್ಬೈನ್ ಸುತ್ತಲಿನ ರೆಕ್ಕೆಗಳ ಕೋನವನ್ನೇ ಬದಲಿಸುವ ವೇರಿಯಬಲ್ ಜಾಮೆಟ್ರಿ ಟರ್ಬೊ ತಂದಿತು. ಬೆಲೆಯ ಚಿಂತೆಯಿಲ್ಲದೆ ಕೊಳ್ಳುವವರಿಗಾಗಿ ಕಾರು ಮಾಡುವ ಒಂದೇ ಕಂಪನಿ, ಒಂದೇ ಹೆಸರಿನ ಕಾರಿನಲ್ಲಿ ಗೇಟನ್ನು ಹೊರಗಿನಿಂದ ಒಳಗೆ ತಂದು, 997ರಲ್ಲಿ ಅದರ ಕೆಲಸವನ್ನು ರೆಕ್ಕೆಗಳಿಗೆ ವಹಿಸಿತು. ಇಲ್ಲಿ ಖರ್ಚಿಗಿಂತ ಮುಖ್ಯವಾದದ್ದು ಬೇರೆಯಿದೆ. ಹೊರಗಿನ ಗೇಟ್ ಅಂದರೆ ಹೆಚ್ಚುವರಿ ಪೈಪು, ಹೆಚ್ಚುವರಿ ವೆಲ್ಡಿಂಗ್, ಹೆಚ್ಚುವರಿ ಗ್ಯಾಸ್ಕೆಟ್. ಪೆಟ್ರೋಲ್ ಹೊಗೆ 900 ಡಿಗ್ರಿ ಸೆಲ್ಸಿಯಸ್ ದಾಟುವ ಜಾಗದಲ್ಲಿ ಹಿಗ್ಗಿ ಕುಗ್ಗಿ ಬಿರುಕು ಬಿಡಲು ಅಷ್ಟೇ ಹೆಚ್ಚುವರಿ ಅವಕಾಶ. ತಣ್ಣಗಿನ ಎಂಜಿನ್ ಶುರುವಾದಾಗ ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಬಿಸಿಯೇರಬೇಕು, ಹಾಗಾದರೇ ಮೊದಲ ನಿಮಿಷದ ವಿಷಾನಿಲ ತಗ್ಗುತ್ತದೆ. ಅಷ್ಟೊಂದು ಲೋಹ ನಡುವೆ ಇದ್ದರೆ ಶಾಖವೆಲ್ಲ ಅದಕ್ಕೇ ಹೋಗುತ್ತದೆ. ಈಗಿನ ವಿದ್ಯುತ್ ಆಕ್ಚುಯೇಟರ್ ಇರುವ ಇಂಟರ್ನಲ್ ಗೇಟುಗಳು, ಬೂಸ್ಟ್ ಹುಟ್ಟುವ ಮೊದಲೇ ಬಾಯಿ ತೆರೆದು ಬಿಸಿ ಹೊಗೆಯನ್ನು ನೇರ ಕನ್ವರ್ಟರಿಗೆ ಕಳಿಸಬಲ್ಲವು. ಬೂಸ್ಟಿಗಾಗಿ ಕಾಯುವ ಡಬ್ಬಿಗೆ ಇದು ಸಾಧ್ಯವಿಲ್ಲ.

ಹಾಗಿದ್ದರೆ ಎಕ್ಸ್‌ಟರ್ನಲ್ ಯಾವಾಗ ಬೇಕೇ ಬೇಕು? ಟರ್ಬೊವನ್ನು ಇಂಟರ್ನಲ್ ಗೇಟೇ ಇಲ್ಲದ ದೊಡ್ಡ ಟರ್ಬೊಗೆ ಬದಲಾಯಿಸಿದಾಗ ಬೇರೆ ದಾರಿಯಿಲ್ಲ. ದೊಡ್ಡ ಎಂಜಿನ್ನಿನಲ್ಲಿ ಕಡಿಮೆ ಬೂಸ್ಟ್ ಹಿಡಿದಿಡಬೇಕಾಗಿ, ತೂತು ಅಗಲಿಸಿಯೂ ಕ್ರೀಪ್ ನಿಲ್ಲದಿದ್ದರೆ ಬೇಕು. ಟ್ರ್ಯಾಕಿನಲ್ಲಿ ಗಂಟೆಗಟ್ಟಲೆ ಪೂರ್ತಿ ತುಳಿದು ಓಡಿಸುವವರಿಗೆ, ಒಂದೊಂದು ಸ್ಪರ್ಧೆಗೆ ಒಂದೊಂದು ಬೂಸ್ಟ್ ಇಟ್ಟುಕೊಳ್ಳುವವರಿಗೆ ಸ್ಪ್ರಿಂಗ್ ಬದಲಿಸುವ ಸೌಕರ್ಯ, ನೇರ ಕಾಂಡದ ವಾಲ್ವಿನ ನಿಖರತೆ ಎರಡೂ ಬೆಲೆಯುಳ್ಳವು. ಇಂಟರ್ನಲ್ ಗೇಟಿನಿಂದ ಹಾಯ್ದ ಹೊಗೆ ಟರ್ಬೈನಿನಿಂದ ಸುಳಿಯಾಗಿ ಬರುತ್ತಿರುವ ಹೊಗೆಗೆ ಅಡ್ಡ ಬಂದು ಡಿಕ್ಕಿ ಹೊಡೆಯುತ್ತದೆ ಎಂಬ ದೂರೂ ನಿಜ. ಗೇಟ್ ಹೊಗೆಯನ್ನು ಸ್ವಲ್ಪ ದೂರ ಬೇರೆ ಪೈಪಿನಲ್ಲಿ ಕರೆದೊಯ್ದು ಆಮೇಲೆ ಸೇರಿಸಿದರೆ ಆ ಜಗಳ ತಗ್ಗುತ್ತದೆ. ಎಕ್ಸ್‌ಟರ್ನಲ್‌ನಲ್ಲಿ ಇದು ಸಹಜವಾಗಿಯೇ ಬರುತ್ತದೆ, ಇಂಟರ್ನಲ್‌ನಲ್ಲಿ ನಡುವೆ ಗೋಡೆಯಿರುವ ಡೌನ್‌ಪೈಪ್ ಹಾಕಿಸಬೇಕು. ಆದರೆ ಈ ಎಲ್ಲ ಲಾಭ ಸಿಗುವುದು ಗೇಟನ್ನು ಕೂರಿಸುವ ಜಾಗ ಸರಿಯಿದ್ದರೆ ಮಾತ್ರ. ಎಲ್ಲ ಸಿಲಿಂಡರುಗಳ ಕೊಳವೆಗಳು ಒಂದಾಗುವ ಕಡೆಯಿಂದ, ಹೊಗೆ ಹರಿಯುವ ದಿಕ್ಕಿನಲ್ಲೇ ಕವಲೊಡೆಯುವಂತೆ ಪೈಪ್ ತೆಗೆಯಬೇಕು. ಒಂದೇ ಸಿಲಿಂಡರಿನ ಕೊಳವೆಗೆ ಅಡ್ಡವಾಗಿ, ಹೊಗೆ ಹಿಂದಿರುಗಿ ಬರಬೇಕಾದ ಕೋನದಲ್ಲಿ ಬೆಸೆದ 60 ಮಿಲಿಮೀಟರ್ ಗೇಟಿಗಿಂತ ನೇರ ಹಾದಿಯಲ್ಲಿರುವ 38 ಮಿಲಿಮೀಟರ್ ಗೇಟ್ ಹೆಚ್ಚು ಹೊಗೆ ಸಾಗಿಸಬಲ್ಲದು. ಕೋಡಿ ಎಷ್ಟೇ ಅಗಲವಿದ್ದರೂ ಅದರ ತಲೆಯಲ್ಲೇ ಬಂಡೆ ನಿಂತಿದ್ದರೆ ನೀರು ಹೇಗೆ ಹರಿದೀತು? ಟ್ವಿನ್ ಸ್ಕ್ರೋಲ್ ಟರ್ಬೊಗಳಲ್ಲಿ ಇನ್ನೊಂದು ತೊಡಕು: ಹೊಗೆಯ ಎರಡು ಕಾಲುವೆಗಳನ್ನು ಬೇರೆಬೇರೆಯಾಗಿಯೇ ಇಟ್ಟು ಎರಡರಿಂದಲೂ ಸಮನಾಗಿ ಹೊಗೆ ತೆಗೆಯಬೇಕು, ಅಂದರೆ ಎರಡು ಎಕ್ಸ್‌ಟರ್ನಲ್ ಗೇಟ್ ಅಥವಾ ಬಾಯಿವರೆಗೂ ಗೋಡೆಯಿರುವ ಒಂದು. ಮಿತ್ಸುಬಿಷಿ ಲ್ಯಾನ್ಸರ್ ಇವೊ ಕಾರುಗಳ ಟ್ವಿನ್ ಸ್ಕ್ರೋಲ್ ಟರ್ಬೊ ಇದನ್ನು ಇಂಟರ್ನಲ್ ಗೇಟಿನಲ್ಲೇ ನಿಭಾಯಿಸಿತು.

ಘಟ್ಟದ ಮೇಲೆ, ಕೆಳಗೆ ಓಡಾಡುವ ನಮ್ಮವರು ಗಮನಿಸಬೇಕಾದ ಒಂದು ಸಂಗತಿ ಇಲ್ಲಿದೆ. ಆಕ್ಚುಯೇಟರಿನ ಡಯಾಫ್ರಮ್ಮಿನ ಒಂದು ಬದಿಗೆ ಬೂಸ್ಟ್, ಇನ್ನೊಂದು ಬದಿಗೆ ಹೊರಗಿನ ಗಾಳಿ. ಆದ್ದರಿಂದ ಬರೀ ಸ್ಪ್ರಿಂಗ್ ನಂಬಿದ ಗೇಟ್, ಒಳಗಾಗಲಿ ಹೊರಗಾಗಲಿ, ಸುತ್ತಲಿನ ವಾತಾವರಣಕ್ಕಿಂತ ಇಷ್ಟು ಹೆಚ್ಚು ಎಂದು ಮಾತ್ರ ಅಳೆಯುತ್ತದೆ. ಮಂಗಳೂರಿನಲ್ಲಿ ಸಮುದ್ರಮಟ್ಟದ 1 ಬಾರ್ ಮೇಲೆ 0.7 ಬಾರ್ ಬೂಸ್ಟ್ ಸೇರಿದರೆ ಎಂಜಿನ್ನಿಗೆ ಸಿಗುವುದು 1.7. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಹೊರಗಿನ ಒತ್ತಡ 0.9 ಬಾರ್ ಆಸುಪಾಸು, ಅದೇ ಸ್ಪ್ರಿಂಗಿನಲ್ಲಿ ಸಿಗುವುದು 1.6. ಇಸಿಯು ನಿಯಂತ್ರಿಸುವ ಕಾರು ಈ ಕೊರತೆಯನ್ನು ಗೇಟನ್ನು ಇನ್ನಷ್ಟು ಹೊತ್ತು ಮುಚ್ಚಿ ತುಂಬಿಕೊಡುತ್ತದೆ, ಆದರೆ ಅದಕ್ಕಾಗಿ ಟರ್ಬೊ ಇನ್ನೂ ಜೋರಾಗಿ ತಿರುಗಬೇಕು. ಬೆಂಗಳೂರಿನಲ್ಲಿ ರೀಮ್ಯಾಪ್ ಮಾಡಿಸಿ ಕರಾವಳಿಗೆ ಇಳಿದವರು ಅಲ್ಲಿಯ ಒತ್ತಾದ ಗಾಳಿಯಲ್ಲಿ ಗೇಟ್ ಹೇಗೆ ವರ್ತಿಸುತ್ತದೆಂದು ನೋಡದೆ ಪೂರ್ತಿ ತುಳಿಯಬಾರದು.

ಸದ್ದಿನ ವಿಚಾರವನ್ನೂ ಹೇಳಲೇಬೇಕು. ಎಕ್ಸ್‌ಟರ್ನಲ್ ಗೇಟಿನ ಹೊಗೆಯನ್ನು ಮತ್ತೆ ಎಕ್ಸಾಸ್ಟಿಗೆ ಸೇರಿಸದೆ ನೇರ ಹೊರಗೆ ಬಿಡುವ ಗಿಡ್ಡ ಪೈಪನ್ನು ಸ್ಕ್ರೀಮರ್ ಎನ್ನುತ್ತಾರೆ, ಗೇಟ್ ತೆರೆದಾಗ ಕಿವಿಗಡಚಿಕ್ಕುವ ಅರಚಾಟ. ಬಹಳ ಜನರನ್ನು ಎಕ್ಸ್‌ಟರ್ನಲ್ ಕಡೆಗೆ ಸೆಳೆಯುವುದು ಈ ಸದ್ದೇ. ಸ್ಪರ್ಧೆಯ ಕಾರಿನಲ್ಲಿ ಅದಕ್ಕೆ ಜಾಗವಿದೆ. ಫಾರ್ಮುಲಾ ಒನ್ ಕೂಡ 2016ರಲ್ಲಿ ಸದ್ದು ಹೆಚ್ಚಲೆಂದು ವೇಸ್ಟ್‌ಗೇಟಿಗೆ ಪ್ರತ್ಯೇಕ ಬಾಲದ ಕೊಳವೆ ಇರಬೇಕೆಂದು ನಿಯಮ ಮಾಡಿತು. ಊರಿನ ರಸ್ತೆಯಲ್ಲಿ ಆ ಪೈಪಿನಿಂದ ಬರುವುದು ಕನ್ವರ್ಟರನ್ನು ಮುಟ್ಟದ ಹೊಗೆ, ಪಕ್ಕದ ಸ್ಕೂಟರಿನಲ್ಲಿ ಕೂತ ಮಗು ಉಸಿರಾಡುವ ಗಾಳಿಗೇ ಅದು ಸೇರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಮಾರ್ಪಾಡನ್ನು ಒಪ್ಪುವುದಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಖಚಿತಪಡಿಸಿದೆ. ಟರ್ಬೊ, ಎಕ್ಸಾಸ್ಟ್ ಬದಲಾವಣೆ ನೋಂದಣಿಯಾದ ಕಾರಿನ ಮಟ್ಟಿಗೆ ಹವ್ಯಾಸದ ಮಾತಾಗಿ ಉಳಿಯುವುದಿಲ್ಲ, ವಿಮೆಯ ಹಕ್ಕಿಗೂ ತಗಲುತ್ತದೆ. ಟ್ರ್ಯಾಕಿಗೆಂದೇ ಇಟ್ಟ ಕಾರಾದರೂ ಗೇಟಿನ ಹೊಗೆಯನ್ನು ಟರ್ಬೈನ್ ನಂತರದ, ಕನ್ವರ್ಟರಿಗೆ ಮುಂಚಿನ ಪೈಪಿಗೆ ಮರಳಿ ಸೇರಿಸುವುದೇ ಒಳ್ಳೆಯದು. ಶಕ್ತಿಯಲ್ಲಿ ಆಗುವ ವ್ಯತ್ಯಾಸ ಸಣ್ಣದು.

ಎಕ್ಸ್‌ಟರ್ನಲ್ ಬೇಕಿಲ್ಲ ಎಂದು ತೀರ್ಮಾನಿಸಿದವರಿಗೆ ನಿಜವಾದ ಕೆಲಸ ಇರುವ ಗೇಟನ್ನು ಚೆನ್ನಾಗಿ ಇಟ್ಟುಕೊಳ್ಳುವುದು. ಮೊದಲು ನಿಮ್ಮ ಕಾರಿನಲ್ಲಿ ಗೇಟ್ ಇದೆಯೇ ತಿಳಿಯಿರಿ. ಈಗಿನ ಸಣ್ಣ ಟರ್ಬೊ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಡೀಸೆಲ್‌ನಲ್ಲಿ ಎರಡೂ ಬಗೆ ಉಂಟು: ನಮ್ಮಲ್ಲಿ ಬಹುಕಾಲ ಹಲವು ಕಂಪನಿಗಳ ಕಾರುಗಳಲ್ಲಿ ಓಡಿದ 1.3 ಲೀಟರ್ ಮಲ್ಟಿಜೆಟ್ ಎಂಜಿನ್ನಿನ 75 ಪಿಎಸ್ ರೂಪಕ್ಕೆ ವೇಸ್ಟ್‌ಗೇಟ್ ಇರುವ ಟರ್ಬೊ, 90 ಪಿಎಸ್ ರೂಪಕ್ಕೆ ರೆಕ್ಕೆ ತಿರುಗುವ ವೇರಿಯಬಲ್ ಟರ್ಬೊ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದೊಡನೆ ಅಥವಾ ಆಕ್ಸಿಲರೇಟರ್ ಬಿಟ್ಟಾಗ ಟರ್ಬೊ ಕಡೆಯಿಂದ ಡಬ್ಬಿಯಲ್ಲಿ ಕಾಸು ಅಲುಗಿಸಿದ ಹಾಗೆ ಕಿಟಿಕಿಟಿ ಕೇಳಿದರೆ ಬಿಲ್ಲೆಯ ಪಿನ್ ಅಥವಾ ಬುಷ್ ಸವೆದಿದೆ ಎಂದು ಶಂಕಿಸಬೇಕು. ಬಿಎಂಡಬ್ಲ್ಯುವಿನ ಎನ್54 ಎಂಜಿನ್ ಈ ಸದ್ದಿಗೇ ಹೆಸರಾಗಿತ್ತು. ಸವೆದ ಬಿಲ್ಲೆ ಪೂರ್ತಿ ಕೂರುವುದಿಲ್ಲ, ಹೊಗೆ ಸೋರಿ ಪಿಕಪ್ ಕುಂದುತ್ತದೆ, ಸ್ಕ್ಯಾನರ್ ಹಾಕಿದರೆ ಪಿ0299 ತೋರಿಸುತ್ತದೆ. ಅಂದರೆ ಬೂಸ್ಟ್ ಸಾಲದು. ಪಿ0234 ಬಂದರೆ ಬೂಸ್ಟ್ ಮಿತಿ ಮೀರಿದೆ. ಮೊದಲು ನೋಡಬೇಕಾದದ್ದು ಆಕ್ಚುಯೇಟರಿನ ಹೋಸ್, ಆಮೇಲೆ ತುಕ್ಕು ಹಿಡಿದು ಕಚ್ಚಿಕೊಂಡ ಲಿವರ್. ಎಂಜಿನ್ ಪೂರ್ತಿ ತಣಿದ ಮೇಲೆ ಗೇಜ್ ಇರುವ ಕೈಪಂಪನ್ನು ಡಬ್ಬಿಗೆ ಜೋಡಿಸಿ ಮೆಲ್ಲಗೆ ಗಾಳಿ ಕೊಡಿ. ಕಂಪನಿ ಹೇಳಿದ ಒತ್ತಡದಲ್ಲಿ ರಾಡ್ ಸರಿಯತೊಡಗಬೇಕು, ಕೊಟ್ಟ ಗಾಳಿ ನಿಲ್ಲಬೇಕು. ಮುಳ್ಳು ತಾನಾಗಿ ಇಳಿದರೆ ಡಯಾಫ್ರಮ್ ಹರಿದಿದೆ. ಕೆಲವು ಡೀಸೆಲ್ ಕಾರುಗಳಲ್ಲಿ ಡಬ್ಬಿ ವ್ಯಾಕ್ಯೂಮಿನಿಂದ ಕೆಲಸ ಮಾಡುತ್ತದೆ, ಅಲ್ಲಿ ಗಾಳಿ ಊದಬಾರದು, ಎಳೆಯಬೇಕು.

ಪಿಕಪ್ ಇಲ್ಲವೆಂದು ಗ್ಯಾರೇಜಿಗೆ ಹೋದ ಕಾರಿನ ರಾಡನ್ನು ನಾಲ್ಕು ಸುತ್ತು ಬಿಗಿ ಮಾಡಿ ಕಳಿಸುವ ರೂಢಿಯೊಂದಿದೆ. ರಾಡ್ ಗಿಡ್ಡವಾದಷ್ಟೂ ಸ್ಪ್ರಿಂಗಿನ ಒತ್ತಾಯ ಹೆಚ್ಚಿ ಗೇಟ್ ತಡವಾಗಿ ತೆರೆಯುತ್ತದೆ, ಕಾರು ಚುರುಕಾದಂತೆ ತೋರುತ್ತದೆ. ಆದರೆ ಡಬ್ಬಿಯ ಓಟ ಇರುವುದೇ ಇಷ್ಟು. ಶುರುವಿನಲ್ಲಿ ಅದನ್ನು ತಿಂದುಬಿಟ್ಟರೆ ಕೊನೆಯಲ್ಲಿ ಬಿಲ್ಲೆ ಪೂರ್ತಿ ತೆರೆಯಲು ಓಟ ಉಳಿಯುವುದಿಲ್ಲ. ಕಾರು ನಗರದಲ್ಲಿ ಖುಷಿ ಕೊಟ್ಟು ಹೆದ್ದಾರಿಯಲ್ಲಿ ಬೂಸ್ಟ್ ಮೀರುತ್ತದೆ. ರಾಡನ್ನು ಲಿವರಿನಿಂದ ಬಿಡಿಸಿ ಹಿಡಿದಾಗ ಅದರ ಕಣ್ಣು ಪಿನ್ನಿಗಿಂತ ಎರಡು ಮೂರು ಮಿಲಿಮೀಟರ್ ಹಿಂದೆ ನಿಂತು, ಸ್ವಲ್ಪ ಎಳೆದು ಸಿಕ್ಕಿಸುವಂತಿದ್ದರೆ ಹೆಚ್ಚಿನ ಕಡೆ ಅಷ್ಟು ಬಿಗಿ ಸಾಕು. ಕಂಪನಿಯ ಕೈಪಿಡಿ ಬೇರೆ ಅಳತೆ ಕೊಟ್ಟಿದ್ದರೆ ಅದೇ ಅಂತಿಮ. ವಿದ್ಯುತ್ ಆಕ್ಚುಯೇಟರ್ ಇರುವ ಕಾರಿನಲ್ಲಿ ರಾಡ್ ಮುಟ್ಟಲೇಬಾರದು. ಇಸಿಯು ಬಾಗಿಲು ಮುಚ್ಚಿದ ಜಾಗವನ್ನು ನೆನಪಿಟ್ಟುಕೊಂಡಿರುತ್ತದೆ, ಅದು ತಪ್ಪಿದರೆ ಸ್ಕ್ಯಾನರ್ ಮೂಲಕ ಮತ್ತೆ ಕಲಿಸಬೇಕು.

ಅಗತ್ಯ ನೋಡಿಯೇ ಎಕ್ಸ್‌ಟರ್ನಲ್ ಹಾಕಿಸಿದವರು ಸ್ಪ್ರಿಂಗನ್ನು ತಮಗೆ ಬೇಕಾದ ಅತಿ ಕಡಿಮೆ ಬೂಸ್ಟಿಗೆ ಹೊಂದಿಸಿಕೊಳ್ಳಬೇಕು. ಸ್ಪ್ರಿಂಗಿಗಿಂತ ಕೆಳಗೆ ಇಳಿಸಲು ಯಾವ ಕಂಟ್ರೋಲರಿನಿಂದಲೂ ಆಗದು, ಮೇಲಕ್ಕೆ ಹೋಗುವುದಾದರೂ ಸ್ಪ್ರಿಂಗಿನ ಎರಡು ಪಟ್ಟು ದಾಟಿದರೆ ಹಿಡಿತ ಸಡಿಲವಾಗುತ್ತದೆ. ಬೂಸ್ಟಿನ ಹೋಸನ್ನು ಕಂಪ್ರೆಸರಿನ ಬಾಯಿಯಿಂದಲೇ, ಆದಷ್ಟು ಗಿಡ್ಡವಾಗಿ, ಇನ್ನಾವುದಕ್ಕೂ ಕವಲೊಡೆಯದೆ ತಂದು ಎರಡೂ ತುದಿಗೆ ಕ್ಲಾಂಪ್ ಹಾಕಿ. ಬಿಸಿ ಮ್ಯಾನಿಫೋಲ್ಡಿಗೆ ತಾಗುವಂತಿದ್ದರೆ ದಾರಿ ಬದಲಿಸಿ. ಮೊದಲ ಪರೀಕ್ಷೆ ರಸ್ತೆಯಲ್ಲಿ ಬೇಡ, ಕಾರನ್ನು ನಿಂತಲ್ಲೇ ಓಡಿಸಿ ಅಳೆಯುವ ಡೈನೊ ಮೇಲೆ ಆಗಲಿ, ಅದೂ ಕಂಟ್ರೋಲರ್ ಜೋಡಿಸದೆ ಬರೀ ಸ್ಪ್ರಿಂಗಿನ ಮೇಲೆ. ಮೂರನೇ ಅಥವಾ ನಾಲ್ಕನೇ ಗೇರಿನಲ್ಲಿ ಕೆಳಗಿನ ಆರ್‌ಪಿಎಂನಿಂದ ಪೂರ್ತಿ ತುಳಿದು ಬೂಸ್ಟಿನ ಗೆರೆಯನ್ನೇ ನೋಡುತ್ತಿರಿ. ಏರಿದ ಗೆರೆ ಸ್ಪ್ರಿಂಗಿನ ಅಂಕಿಯ ಹತ್ತಿರ ಬಾಗಿ ಕೆಂಪು ಪಟ್ಟಿಯವರೆಗೂ ಮಟ್ಟವಾಗಿ ಸಾಗಿದರೆ ಗೇಟಿನ ಅಗಲ, ಅದನ್ನು ಕೂರಿಸಿದ ಜಾಗ ಎರಡೂ ಸರಿಯಿವೆ. 5,000 ದಾಟಿದ ಮೇಲೆ ಗೆರೆ ಮತ್ತೆ ತಲೆ ಎತ್ತಿದರೆ ತಕ್ಷಣ ಕಾಲು ತೆಗೆಯಿರಿ, ವೆಲ್ಡರ್ ಬಳಿ ಮರಳಿ ಹೋಗಿ ಪೈಪಿನ ಕೋನ ತಿದ್ದಿಸಿ. ಗೆರೆ ಮಟ್ಟವಾಗಿ ನಿಂತ ಮೇಲಷ್ಟೇ ಕಂಟ್ರೋಲರಿನ ಹೋಸ್ ಜೋಡಿಸಿ, ಬೂಸ್ಟನ್ನು 0.1 ಬಾರ್‌ನಂತೆ ಏರಿಸುತ್ತಾ ಪ್ರತಿ ಸಲವೂ ಅದೇ ಗೆರೆಯನ್ನು ಮತ್ತೆ ನೋಡಿ.